ಕಾಲ್ಡಹೇದಿಯ ಹಸಿರು ಚುಕ್ಕೆ

ಅಕ್ಟೋಬರ್ 9, ಸೋಮವಾರ, ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ಕ್ಯಾರ್ತನ್ ಎಗಿಲ್‌ಸ್ಟಾದಿರ್ ಪೊಲೀಸ್ ಠಾಣೆಗೆ ಬಂದ. ಕೈಯಲ್ಲಿ ಒಂದು ಮಾರುದ್ದದ ದಪ್ಪ ಕೇಬಲ್ಲಿತ್ತು. ಅದನ್ನು ಇನ್ಸ್‌ಪೆಕ್ಟರ್ ಹಲ್‌ಡೋರಾಳ ಮೇಜಿನ ಮೇಲೆ, ಅವಳ ಕಾಫಿ ಲೋಟದ ಪಕ್ಕದಲ್ಲೇ ಧೊಪ್ಪನೆ ಹಾಕಿದ.

"ಮೂರನೇ ಸಲ. ಇನ್ನು ನನ್ನ ಕೈಲಾಗಲ್ಲ," ಎಂದ.

ಕ್ಯಾರ್ತನ್ ಕಾರುಗಳಿಗೆ ಬೇಗ ಕರೆಂಟು ತುಂಬುವ ಕಂಬಗಳನ್ನು ನೆಡುವ ಕಂಪನಿಯ ಮೆಕ್ಯಾನಿಕ್. ಪೂರ್ವ ಐಸ್‌ಲ್ಯಾಂಡಿಗೆಲ್ಲ ಅವನೊಬ್ಬನೇ. ಕಾಲ್ಡಹೇದಿ ಬೆಟ್ಟಬಯಲಿನ ನೆತ್ತಿಯಲ್ಲಿ ಹೋದ ವರ್ಷ ನೆಟ್ಟ ಎರಡು ಕಂಬಗಳ ಕೇಬಲ್ಲನ್ನು ಯಾರೋ ಮತ್ತೆ ಕತ್ತರಿಸಿದ್ದರು.

"ಶುಕ್ರವಾರ ಕ್ರೇನ್ ಬರುತ್ತೆ, ಕಂಬ ಕಿತ್ತುಕೊಂಡು ಹೋಗ್ತಾರೆ. ದಿನಕ್ಕೆ ನಾಲ್ಕು ಕಾರು ಬರೋ ಜಾಗಕ್ಕೆ ಇಷ್ಟು ರಗಳೆ ಯಾಕೆ ಅಂತಾರೆ ರೇಕ್ಯವಿಕ್‌ನ ಸಾಹೇಬರು."

"ಸ್ಕಾಲ್ವಿಕ್‌ನವರ ಗತಿ?"

"ಅದನ್ನ ಅವರು ಕೇಳಲಿಲ್ಲ."

ಸ್ಕಾಲ್ವಿಕ್ ಬೆಟ್ಟದ ಆಚೆ ಮಗ್ಗುಲಿನ ಊರು. ನೂರ ಎಂಬತ್ತನಾಲ್ಕು ಜನ. ಅಲ್ಲಿಂದ ಆಸ್ಪತ್ರೆಗೆ ನೂರ ಐವತ್ತು ಕಿಲೋಮೀಟರ್, ನಡುವೆ ಒಂದು ಮನೆಯೂ ಇಲ್ಲ. ನೆತ್ತಿಯ ಮೇಲೆ ಕಂಬ ಬಂತೆಂದು ಊರಿನ ಪೆಟ್ರೋಲ್ ಬಂಕು ಬಾಗಿಲು ಹಾಕಿತ್ತು. ಅದೇ ಧೈರ್ಯಕ್ಕೆ ಅರ್ಧ ಊರು ಕರೆಂಟಿನ ಕಾರು ಕೊಂಡಿತ್ತು. ಸೂಲಗಿತ್ತಿ ಸೋಲ್ವೆಗ್‌ಳ ಕಾರೂ ಅಂಥದ್ದೇ. ಚಳಿಗಾಲದ ಬಾಯಲ್ಲಿ ಕಂಬ ಕಿತ್ತರೆ ಅವರೆಲ್ಲ ಬೆಟ್ಟದ ಆಚೆಯೇ ಬಾಕಿ.

"ಶುಕ್ರವಾರದೊಳಗೆ ಆಳು ಸಿಗ್ತಾನೆ," ಎಂದಳು ಹಲ್‌ಡೋರಾ, ದೂರು ಬರೆದುಕೊಳ್ಳುತ್ತಾ. ಅವಳು ಹಾಗೆ ಅಂದರೆ ಸಾಮಾನ್ಯವಾಗಿ ಸಿಗುತ್ತಿದ್ದ.

ಅದೇ ದಿನ 11.15ಕ್ಕೆ ಸ್ಥಳ ಮಹಜರು. ಕ್ಯಾರ್ತನ್ ಮತ್ತು ರಸ್ತೆ ಇಲಾಖೆಯ ಒಬ್ಬ ಲಾರಿ ಚಾಲಕ ಸಾಕ್ಷಿಗಳು. ಬರೆದುಕೊಂಡದ್ದು ಕಾನ್‌ಸ್ಟೇಬಲ್ ತ್ಯೋರ್ವಿ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಅವನಿಗೆ ಗಾಳಿ, ಗುಡ್ಡ, ಪೆನ್ನು ಮೂರರ ಮೇಲೂ ಸಿಟ್ಟು.

ಮಹಜರಿನಲ್ಲಿ ಕಂಡದ್ದು ಇಷ್ಟು: ಕತ್ತರಿಸುವ ಮೊದಲು ಮುಖ್ಯ ಸ್ವಿಚ್ಚು ಆರಿಸಲಾಗಿದೆ. ಒಂದೇ ಏಟಿಗೆ ಕೇಬಲ್ ತುಂಡಾಗಿದೆ. ಕತ್ತರಿಸಿದ ತುಂಡುಗಳನ್ನು ನೀಟಾಗಿ ಸುತ್ತಿ, ಕಟ್ಟಿ, ಕೊಕ್ಕೆಗೆ ತೂಗುಹಾಕಲಾಗಿದೆ. ತಾಮ್ರ ಕದ್ದಿಲ್ಲ. ಕ್ಯಾಮೆರಾದಲ್ಲಿ ಹಿಮಗಾಳಿ ಬಿಟ್ಟರೆ ಏನೂ ಇಲ್ಲ.

"ಕಳ್ಳನಾ ಇವನು? ನಮ್ಮನೇಲಿ ನೀರಿನ ಪೈಪು ಕೂಡ ಇಷ್ಟು ಒಪ್ಪವಾಗಿ ಸುತ್ತಿಡಲ್ಲ," ಎಂದ ತ್ಯೋರ್ವಿ.

"ಕತ್ತರಿಸಿದ ಸಮಯ ಗೊತ್ತಾಗುತ್ತಾ?" ಹಲ್‌ಡೋರಾ ಕ್ಯಾರ್ತನ್‌ನನ್ನು ಕೇಳಿದಳು.

ಅವನು ಫೋನಿನಲ್ಲಿ ಕಂಪನಿಯ ನಕ್ಷೆ ತೋರಿಸಿದ. "ಕೆಲಸ ಮಾಡೋ ಕಂಬಕ್ಕೆ ಹಸಿರು ಚುಕ್ಕೆ. ಕತ್ತರಿಸಿದ ನಿಮಿಷಕ್ಕೇ ಕೆಂಪಾಗುತ್ತೆ. ಸೆಪ್ಟೆಂಬರ್ 5, ಮಧ್ಯಾಹ್ನ 2.10. ಸೆಪ್ಟೆಂಬರ್ 22, 3.05. ನಿನ್ನೆ, 1.25."

"ಚಳಿಗೆ ತಾನಾಗೇ ಕೆಟ್ಟರೆ?"

ಕ್ಯಾರ್ತನ್ ನೆಲ ನೋಡಿದ. "ಆಗ ಹಸಿರೇ ಇರುತ್ತೆ. ಸರಿಮಾಡಿ ಅಂತ ನಾನೂ ಬಾಯಿ ಬಡ್ಕೊಂಡಿದೀನಿ."

ಹಲ್‌ಡೋರಾ ಅಲ್ಲಿಂದಲೇ ಹವಾಮಾನ ಕಚೇರಿಗೆ ಫೋನು ಮಾಡಿದಳು. ಮೂರೂ ದಿನ ಬಿರುಗಾಳಿಯ ಹಳದಿ ಎಚ್ಚರಿಕೆ ಇತ್ತು. ನಿನ್ನೆಯಂತೂ 1.40ಕ್ಕೆ ಎರಡೂ ಕಡೆಯ ಗೇಟು ಹಾಕಿ ರಸ್ತೆಯನ್ನೇ ಮುಚ್ಚಿದ್ದರು.

"ಹದಿನೈದು ನಿಮಿಷದಲ್ಲಿ ಯಾವ ಕಡೆಗೂ ಇಳಿಯೋಕಾಗಲ್ಲ. ಆಸಾಮಿ ಮೇಲೇ ಸಿಕ್ಕಿಹಾಕಿಕೊಂಡಿದ್ದಾನೆ. ಎಲ್ಲಿ ಕೂತಿದ್ದ?"

ಕೂರಲು ಇದ್ದದ್ದು ಒಂದೇ ಜಾಗ: ಎರಡು ಕಿಲೋಮೀಟರ್ ಆಚೆಯ ಆಸರೆಮನೆ. ಕಿತ್ತಳೆ ಬಣ್ಣದ ಒಂದೇ ಕೋಣೆ, ನಾಲ್ಕು ಮಂಚ, ಒಂದು ಗ್ಯಾಸ್ ಒಲೆ, ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು, ಒಂದು ಪುಸ್ತಕ. ಒಳಗೆ ಕಾಲಿಟ್ಟವರು ಹೆಸರು, ಬಂದ ಹೊತ್ತು, ಗಾಳಿಯ ವೇಗ, ಹೋಗುವ ದಿಕ್ಕು ಬರೆಯಲೇಬೇಕು. ಕಾಣೆಯಾದವರನ್ನು ಹುಡುಕಿಕೊಂಡು ಬರುವವರು ಮೊದಲು ತೆರೆಯುವುದು ಅದನ್ನೇ.

"ತಪ್ಪು ಮಾಡಿ ಬಂದೋನು ಸಹಿ ಹಾಕಿ ಹೋಗ್ತಾನಾ? ಒಳ್ಳೆ ಕತೆ," ಎಂದ ತ್ಯೋರ್ವಿ.

"ನಮ್ಮೋನಾದ್ರೆ ಹಾಕಿರ್ತಾನೆ."

ಹಲ್‌ಡೋರಾ ಕೊನೆಯ ಪುಟ ತೆರೆದಳು. ಓದಿದಳು. ಆಮೇಲೆ ಮಂಚದ ಅಂಚಿಗೆ ಕೂತಳು.

*ಅಕ್ಟೋಬರ್ 8. ಇಂಗ್‌ವಾರ್, ಸ್ಕಾಲ್ವಿಕ್. ಒಬ್ಬನೇ. 1.50ಕ್ಕೆ ಬಂದೆ. ಗಾಳಿ ಸೆಕೆಂಡಿಗೆ 31 ಮೀಟರ್. 5.10ಕ್ಕೆ ಸ್ಕಾಲ್ವಿಕ್ ಕಡೆ ಹೊರಟೆ. ಗ್ಯಾಸ್ ಮುಗಿದಿತ್ತು, ಹೊಸ ಸಿಲಿಂಡರ್ ಹಾಕಿದ್ದೇನೆ.*

ಇಂಗ್‌ವಾರ್ ಸ್ಕಾಲ್ವಿಕ್‌ನ ರಕ್ಷಣಾ ತಂಡದ ಮುಖ್ಯಸ್ಥ. ಇಪ್ಪತ್ತೊಂಬತ್ತು ವರ್ಷದಿಂದ ಸಂಬಳವಿಲ್ಲದೆ ಬೆಟ್ಟದಿಂದ ಜನರನ್ನು ಹೊತ್ತು ತಂದವನು. ಹದಿನೇಳನೇ ವಯಸ್ಸಿನಲ್ಲಿ ಹಲ್‌ಡೋರಾ ಹಗ್ಗ ಸುತ್ತಿಡಲು ಕಲಿತದ್ದು ಅವನಿಂದ. ಒಮ್ಮೆ ಪುಸ್ತಕದಲ್ಲಿ ಹೆಸರು ಬರೆಯಲು ಮರೆತಿದ್ದಕ್ಕೆ ಅರ್ಧ ದಾರಿಯಿಂದ ಅವಳನ್ನು ವಾಪಸ್ಸು ನಡೆಸಿದ್ದವನೂ ಅವನೇ.

ಅದರ ಮೇಲಿನ ಬರಹವನ್ನೂ ಅವಳು ಓದಿದಳು. ಎರಡನ್ನೂ ಫೋಟೊ ತೆಗೆದುಕೊಂಡಳು.

ಅಕ್ಟೋಬರ್ 10, ಮಂಗಳವಾರ, ಬೆಳಿಗ್ಗೆ 8.50. ಆ ಹೊತ್ತಿಗೆ ಸ್ಕಾಲ್ವಿಕ್‌ನಲ್ಲಿ ಯಾರನ್ನಾದರೂ ಹುಡುಕಬೇಕಾದರೆ ಮನೆಗೆ ಹೋಗಬಾರದು, ಊರಿನ ಬಿಸಿನೀರಿನ ತೊಟ್ಟಿಗೆ ಹೋಗಬೇಕು. ಇಂಗ್‌ವಾರ್ ಕುತ್ತಿಗೆ ಮಟ್ಟ ನೀರಿನಲ್ಲಿ ಕೂತಿದ್ದ. ಎದುರಿಗೆ ಸೂಲಗಿತ್ತಿ ಸೋಲ್ವೆಗ್.

"ಬೂಟು ಬಿಚ್ಚು!" ಟಿಕೆಟ್ ಕೊಡುವ ಹೆಂಗಸು ತ್ಯೋರ್ವಿಗೆ ಗದರಿದಳು. "ಪೊಲೀಸಾದ್ರೆ ಕಾಲಲ್ಲಿ ಕೊಳೆ ಇರಲ್ವಾ?"

ತ್ಯೋರ್ವಿ ಗೊಣಗುತ್ತಾ ಬಿಚ್ಚಿದ. ಹಲ್‌ಡೋರಾ ಬರಿಗಾಲಲ್ಲಿ ಹೋಗಿ, ಪ್ಯಾಂಟು ಮಡಚಿ, ಸಮವಸ್ತ್ರದಲ್ಲೇ ತೊಟ್ಟಿಯ ಅಂಚಿಗೆ ಕೂತು ಕಾಲು ನೀರಿಗಿಳಿಬಿಟ್ಟಳು.

"ಭಾನುವಾರ ಮೇಲೆ ಇದ್ದೆಯಾ, ಇಂಗ್‌ವಾರ್?"

"ಪುಸ್ತಕದಲ್ಲಿ ಬರೆದಿದೀನಲ್ಲ."

"ಕೇಬಲ್ ಕತ್ತರಿಸಿದ್ದು?"

"ನಾನೇ."

"ಮೂರು ಸಲವೂ?"

"ಹೂಂ, ಮೂರು ಸಲವೂ."

ಸೋಲ್ವೆಗ್ ನೀರಿನಲ್ಲೇ ನೆಟ್ಟಗೆ ಕೂತಳು.

"ಯಾಕೆ?" ಹಲ್‌ಡೋರಾ ಕೇಳಿದಳು.

"ಮಾರ್ಚ್ ನೆನಪಿದೆಯಾ? ಆ ಗಂಡ ಹೆಂಡತಿ. ಕಂಬ ಹೆಪ್ಪುಗಟ್ಟಿ ಸತ್ತಿತ್ತು. ನಕ್ಷೆಯಲ್ಲಿ ಮಾತ್ರ ಹಸಿರು. ಅದನ್ನೇ ನಂಬಿಕೊಂಡು ಖಾಲಿ ಬ್ಯಾಟರೀಲಿ ಬಂದಿದ್ರು. ನಾವು ತಲುಪೋದ್ರೊಳಗೆ ಹನ್ನೊಂದು ಗಂಟೆ ಆಗಿತ್ತು. ಹೆಂಡತಿ ಬದುಕಿದಳು. ಅವನ ಫೋನು ನನ್ನ ಕೈಯಲ್ಲೇ ಇತ್ತು, ಹಲ್‌ಡೋರಾ. ಆಗಲೂ ಹಸಿರೇ ಇತ್ತು." ಅವನು ಮುಖ ಒರೆಸಿಕೊಂಡ. "ಕಂಪನಿಗೆ ನಾಲ್ಕು ಪತ್ರ ಬರೆದೆ. ನಿಮ್ಮ ಸಲಹೆಗೆ ಧನ್ಯವಾದ ಅಂದ್ರು. ಕತ್ತರಿಸಿದ್ರೆ ಕೆಂಪಾಗುತ್ತೆ ಅಂತ ಗೊತ್ತಾಯ್ತು. ಗಾಳಿ ಬರೋ ದಿನ ಹೋಗಿ ಕೆಂಪು ಮಾಡ್ತಿದ್ದೆ. ಯಾರೂ ಹತ್ತಬಾರದು ಅಂತ, ಅಷ್ಟೇ."

"ನಾನು ಹತ್ತಿದ್ದೆ," ಎಂದಳು ಸೋಲ್ವೆಗ್.

ಅವಳ ದನಿ ನಡುಗುತ್ತಿತ್ತು. ಅದು ಸಿಟ್ಟು.

"ಸೆಪ್ಟೆಂಬರ್ 22. ಹಿಂದಿನ ಸೀಟಲ್ಲಿ ಬಸುರಿ ನೋವು ತಿಂತಾ ಇದ್ದಳು. ಹಸಿರು ನೋಡಿಕೊಂಡೇ ಹೊರಟೆ ಕಣೋ ನಾನು. ದಾರೀಲಿದ್ದಾಗ ನೀನು ಕೆಂಪು ಮಾಡಿದೆ. ಮೇಲೆ ಮುಟ್ಟಿದಾಗ ಶೇಕಡಾ ಆರು ಉಳಿದಿತ್ತು. ಮಗು ತಲೆ ಕೆಳಗಾಗಿರಲಿಲ್ಲ. ಆ ಗ್ಯಾಸ್ ಒಲೇಲಿ ನೀರು ಕಾಯಿಸಿ ಹೆರಿಗೆ ಮಾಡಿಸಿದೀನಿ. ಇನ್ನೊಂದು ಗಳಿಗೆ ತಡವಾಗಿದ್ರೆ ಇಬ್ಬರನ್ನೂ ಕಳ್ಕೋತಿದ್ದೆ."

"ಮಗು ಅವಸರ ಮಾಡ್ತು ಅಂದ್ರು ಊರಲ್ಲಿ," ಎಂದ ಇಂಗ್‌ವಾರ್ ಮೆಲ್ಲಗೆ. "ನಾನೂ ಹಾಗೇ ಅಂದ್ಕೊಂಡೆ. ಅಂದ್ಕೊಳ್ಳೋದು ಸುಲಭವಾಗಿತ್ತು."

"ಯಾವಾಗ ಗೊತ್ತಾಯ್ತು?" ಹಲ್‌ಡೋರಾ ಕೇಳಿದಳು.

"ಭಾನುವಾರ. ಆಸರೆಮನೇಲಿ ಬರೆಯೋಕೆ ಅಂತ ಪುಸ್ತಕ ತೆರೆದೆ. ಮೇಲಿನ ಸಾಲು ಅವಳದ್ದು."

ಹಲ್‌ಡೋರಾಗೆ ಆ ಸಾಲು ಬಾಯಿಪಾಠವಾಗಿತ್ತು: *ಸೋಲ್ವೆಗ್, ಸೂಲಗಿತ್ತಿ. ಬ್ಯಾಟರಿ ಶೇ. 6, ಕಂಬ ಸತ್ತಿದೆ. ಇಬ್ಬರು ಬಂದೆವು. ರಸ್ತೆ ಇಲಾಖೆಯ ಲಾರಿಯಲ್ಲಿ ಮೂವರು ಹೊರಟೆವು.*

"ಅದನ್ನ ಓದಿಯೂ ನಿನ್ನ ಹೆಸರು ಬರೆದೆಯಾ? ಬರೆಯದೇ ಇದ್ದಿದ್ರೆ ನನ್ನ ಹತ್ರ ಏನೂ ಇರ್ತಿರಲಿಲ್ಲ."

"ಇಷ್ಟು ವರ್ಷ ನಿಮಗೆಲ್ಲ ಬರೀರಿ ಬರೀರಿ ಅಂತ ಹೇಳಿದ್ದು ಮತ್ತೇಕೆ? ಓದಿದ ಮೇಲಂತೂ ಬರೆಯದೇ ಇರೋಕೆ ಆಗಲಿಲ್ಲ."

9.20ಕ್ಕೆ ಆಸ್ತಿ ಹಾನಿ ಮತ್ತು ಜೀವಕ್ಕೆ ಅಪಾಯ ಒಡ್ಡಿದ ಆರೋಪದ ಮೇಲೆ ಇಂಗ್‌ವಾರ್‌ನ ಬಂಧನವಾಯಿತು. ಅವನು ಒರೆಸಿಕೊಂಡು ಬಟ್ಟೆ ಹಾಕಿಕೊಳ್ಳುವವರೆಗೆ ಕಾಯ್ದರು. ಹೊರಡುವಾಗ ಸೋಲ್ವೆಗ್ ಅವನ ಮುಖ ನೋಡಲಿಲ್ಲ. ಬಾಗಿಲ ಬಳಿ ಬಂದು ಅವನ ಟೊಪ್ಪಿಯನ್ನು ತ್ಯೋರ್ವಿಯ ಕೈಗೆ ಕೊಟ್ಟಳು. "ಒದ್ದೆ ತಲೆ. ಹಾಕ್ಕೊಳ್ಳೋಕೆ ಹೇಳು," ಎಂದಳು.

ಪೊಲೀಸ್ ಕಾರೂ ಕರೆಂಟಿನದ್ದೇ. ನೆತ್ತಿ ತಲುಪುವಾಗ ಬ್ಯಾಟರಿಯಲ್ಲಿ ಶೇಕಡಾ ಇಪ್ಪತ್ತು ಉಳಿದಿತ್ತು. ಕ್ಯಾರ್ತನ್ ಹೊಸ ಕೇಬಲ್ ಹಾಕಿ ಮುಗಿಸಿದ್ದ. ದಾರಿಯಿಂದಲೇ ಹಲ್‌ಡೋರಾ ರೇಕ್ಯವಿಕ್‌ಗೆ ಫೋನು ಮಾಡಿ, ಆರೋಪಿ ಸಿಕ್ಕಿದ್ದಾನೆ, ಅವನ ನಾಲ್ಕು ಪತ್ರಗಳನ್ನೂ ನಿಮ್ಮ ನಾಲ್ಕು ಉತ್ತರಗಳನ್ನೂ ವರದಿಗೆ ಲಗತ್ತಿಸುತ್ತೇನೆ, ನ್ಯಾಯಾಲಯದಲ್ಲಿ ಓದುತ್ತಾರೆ ಎಂದಿದ್ದಳು. ಮಧ್ಯಾಹ್ನದೊಳಗೆ ಕ್ರೇನ್ ರದ್ದಾಯಿತು. ಚುಕ್ಕೆಯನ್ನು ಕೈಯಾರೆ ಕೆಂಪು ಮಾಡುವ ಅಧಿಕಾರ ಕ್ಯಾರ್ತನ್‌ಗೆ ಸಿಕ್ಕಿತು.

ಚಾರ್ಜ್ ಆಗುವವರೆಗೆ ಗಾಳಿಗೆ ಹೊರಗೆ ನಿಲ್ಲುವಂತಿರಲಿಲ್ಲ. ಕ್ಯಾರ್ತನ್ ತನ್ನ ವ್ಯಾನಿನಲ್ಲಿ ಮೂವರನ್ನೂ ಆಸರೆಮನೆಗೆ ಬಿಟ್ಟ. ತ್ಯೋರ್ವಿ ಕಾಫಿಗೆ ನೀರಿಟ್ಟ. ಇಂಗ್‌ವಾರ್ ಪುಸ್ತಕವನ್ನೇ ನೋಡುತ್ತಿದ್ದ. ಹಲ್‌ಡೋರಾ ಪೆನ್ನು ಎತ್ತಿ ಅವನತ್ತ ಚಾಚಿದಳು.

ಅವನು ನಿಧಾನವಾಗಿ ಬರೆದ. ಮೂವರ ಹೆಸರು. ಬಂದದ್ದು 11.05. ಗಾಳಿ 12 ಮೀಟರ್. ಗ್ಯಾಸ್ ಸಾಕಷ್ಟಿದೆ. ಹೋಗುವ ದಿಕ್ಕಿನ ಜಾಗದಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ 'ಪೊಲೀಸ್ ಠಾಣೆ' ಎಂದು ಬರೆದು, ಸಹಿ ಹಾಕಿ, ಪುಸ್ತಕ ಮುಚ್ಚಿಟ್ಟ.