ಅಂಚು ಮುಟ್ಟದ ಮಿತಿ

"ಈ ಮಿತಿಯನ್ನ ಮುಟ್ಟೋ ಫಲನ ಯಾವುದು?"

ಗಣಿತ ವಿಭಾಗದಲ್ಲಿ ತನ್ನ ಪಿಎಚ್‌ಡಿ ಪ್ರಬಂಧ ವಿವರಿಸುತ್ತಿದ್ದವಳಿಗೆ ಕೊನೆಯ ಸಾಲಿನಿಂದ ಪ್ರಶ್ನೆ ಬಂದಾಗ, ಅವಳ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ಹಾಗೇ ನಿಂತಿತು. ಕೇಳಿದವನು ವಿಭಾಗಕ್ಕೆ ಹೊಸದಾಗಿ ಬಂದ ಸಂಶೋಧಕ. ಯಾರೇ ಮಾತಾಡಲಿ, ಕೊಕ್ಕೆ ಹಾಕದೆ ಬಿಡುವವನಲ್ಲ. ಹಾಗಾಗಿ ಎಲ್ಲರಿಗೂ ಅವನು ಕೊಕ್ಕೆ.

ಅಂದು ಬೆಳಿಗ್ಗೆಯಷ್ಟೇ ಗ್ರಂಥಾಲಯದಲ್ಲಿ ಅವಳ ಪೆನ್ಸಿಲ್ ಚೂಪು ಮಾಡಿ ಕೊಟ್ಟು ನಕ್ಕಿದ್ದವನೂ ಅವನೇ!

ಏಕಮಾನ ವೃತ್ತದೊಳಗಿನ ಯಾವ ಎರಡು ಬಿಂದುಗಳನ್ನೂ ಒಂದೇ ಕಡೆ ಸೇರಿಸದ ಫಲನಗಳು (ಫಂಕ್ಷನ್‌ಗಳು), ಅವುಗಳ ಗುಣಾಂಕಗಳು ಎಷ್ಟು ದೊಡ್ಡವಾಗಬಹುದು ಎಂಬ ಲೆಕ್ಕ... ಐದು ವರ್ಷ ಅವಳು ಅದನ್ನೇ ಉಂಡು ಉಸಿರಾಡಿದ್ದಳು. 'ಈ ಮಿತಿಯನ್ನು ಇನ್ನು ಇಳಿಸಲಾಗದು' ಎಂದು ಪ್ರಬಂಧದಲ್ಲಿ ಬರೆದೂ ಬಿಟ್ಟಿದ್ದಳು. ಹಾಗೆಂದರೆ ಅದನ್ನು ಮುಟ್ಟುವ ಒಂದು ಫಲನವಾದರೂ ಇರಬೇಕು.

"ನಿಮ್ಮ ಮಿತಿಯ ಮೊದಲ ಭಾಗ ಒಂದು ಫಲನಕ್ಕೆ ಗರಿಷ್ಠ ಆಗುತ್ತೆ, ಎರಡನೇದು ಇನ್ನೊಂದಕ್ಕೆ. ಎರಡೂ ಒಟ್ಟಿಗೆ ಆಗೋದು ಯಾವುದಕ್ಕೆ?" ಅವನು ಬಿಡಲಿಲ್ಲ.

ಅವಳು ಮುಂದಿನ ಸಾಲಿನಲ್ಲಿದ್ದ ತನ್ನ ಮಾರ್ಗದರ್ಶಕರತ್ತ ನೋಡಿದಳು. ಗುರುಗಳು ತಲೆ ತಗ್ಗಿಸಿದರು.

'ಎಲ್ಲರ ಮುಂದೇನೇ ಕೇಳಬೇಕಿತ್ತಾ...?'

ಅಂದಿನಿಂದ ಅವನನ್ನು ಕಂಡರೆ ಮುಖ ತಿರುಗಿಸತೊಡಗಿದಳು. ಮೂರು ವಾರ ತಿದ್ದಿದಳು, ಹರಿದಳು, ಮತ್ತೆ ಬರೆದಳು. ಏನು ಮಾಡಿದರೂ ಆ ಫಲನ ಹೊಳೆಯಲಿಲ್ಲ.

"ಊಟ ಆಯ್ತೇನೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದರೆ "ಹೂಂ" ಎಂದು ಸುಳ್ಳು ಹೇಳಿ, ಫೋನಿಟ್ಟು ಗ್ರಂಥಾಲಯದ ಮೂಲೆಯಲ್ಲಿ ಅಳುತ್ತಿದ್ದಳು.

ಪ್ರಬಂಧ ಒಪ್ಪಿಸಲು ಇನ್ನು ನಾಲ್ಕೇ ದಿನ. ಗ್ರಂಥಾಲಯದಲ್ಲಿ ಅವಳ ಮೇಜಿನ ಮೇಲೆ ಅವನು ಒಂದು ಕಟ್ಟು ಹಾಳೆ ತಂದಿಟ್ಟ.

"ಇನ್ನೂ ಎಷ್ಟು ತಪ್ಪು ಹುಡುಕಿದ್ರಿ?"

"ತಪ್ಪಲ್ಲ... ನಿಮ್ಮ ಮಿತಿ ಮುಟ್ಟೋ ಫಲನ ಹುಡುಕ್ತಿದ್ದೆ. ನಲವತ್ತೊಂದು ನೋಡಿದೆ. ಒಂದೂ ಮುಟ್ಟಲಿಲ್ಲ." ಅವನು ಹಾಳೆಗಳನ್ನು ಅವಳತ್ತ ಸರಿಸಿದ. "ನಾನು ಹೇಳಿದ್ದು ಸುಳ್ಳಾಗಲಿ ಅಂತ ಜೀವನದಲ್ಲಿ ಮೊದಲನೇ ಸಲ ಬೇಡ್ಕೊಂಡೆ. ನನ್ನ ಕೈಲಿ ಅದೂ ಆಗಲಿಲ್ಲ."

ಅವಳ ಕಣ್ಣು ಮಂಜಾಯಿತು. ಹಾಳೆ ತಿರುವಿದಳು. ಮತ್ತೊಂದು... ಮಗದೊಂದು... ತಟ್ಟನೆ ಬೆರಳು ನಿಂತಿತು.

"ನೋಡಿದ್ರಾ? ಯಾವುದೂ ನನ್ನ ಮಿತಿಗಿಂತ ಕೆಳಗಿರೋ ಈ ಸಂಖ್ಯೆನ ದಾಟಿಲ್ಲ! ಕೊನೇದು ಇದನ್ನೇ ಮುಟ್ಟಿದೆ. ನಿಜವಾದ ಮಿತಿ ಇದೇ ಇರಬೇಕು..."

ಅವನು ಬೆರಗಾಗಿ ಹಾಳೆಯನ್ನಲ್ಲ, ಅವಳನ್ನೇ ನೋಡುತ್ತಿದ್ದ.

"ನಾಲ್ಕು ದಿನದಲ್ಲಿ ಸಾಧಿಸೋಕೆ ಆಗದಿದ್ರೆ?" ಅವಳು ಕೇಳಿದಳು.

"ಆಗದಿದ್ರೆ ಜೊತೇಲೇ ಸೋಲೋಣ. ನೀವು ಒಬ್ರೇ ಅಳೋದನ್ನ ಇನ್ನು ನೋಡೋಕಾಗಲ್ಲ. ನೀವಂದ್ರೆ... ನಂಗೆ ಅಷ್ಟು ಇಷ್ಟ."

ಅವಳು ಪಕ್ಕದ ಕುರ್ಚಿಯಿಂದ ತನ್ನ ಚೀಲ ತೆಗೆದಳು.

"ಈ ಮಾತಿಗೆ ಯಾವ ಕೊಕ್ಕೆನೂ ಇಲ್ವಾ?"

"ಇಲ್ಲ."

"ಹಾಗಾದ್ರೆ ಕೂತ್ಕೊಳ್ಳಿ. ಪೆನ್ಸಿಲ್ ಚೂಪು ಮಾಡಿ ಕೊಡಿ."