ಅವನ ಹೆಡ್‌ಫೋನಿನಲ್ಲಿ ಅವಳಿಲ್ಲ

"ನಿಲ್ಸು! ಮತ್ತೆ ಮುಂದೆ ಓಡ್ತಿದೀಯ. ಬೇಸ್ ಒಂದು ಕಡೆ, ಡ್ರಮ್ ಒಂದು ಕಡೆ. ಏನು, ಇಬ್ಬರೂ ಜಗಳ ಆಡ್ಕೊಂಡಿದೀರಾ?"

ಅಣ್ಣ ರೆಕಾರ್ಡಿಂಗ್ ನಿಲ್ಲಿಸಿದ. ಅವನ ಮಲಗುವ ಕೋಣೆಯೇ ಸ್ಟುಡಿಯೋ. ಹಾಸಿಗೆ ಗೋಡೆಗೆ ಒರಗಿತ್ತು, ಕಿಟಕಿಗೆ ಕಂಬಳಿ. ಬೇಸ್ ಗಿಟಾರ್ ಹಿಡಿದ ಅವಳು ಕೈಚಾಚಿದರೆ ಡ್ರಮ್ಮರ್ ಸಿಗುತ್ತಿದ್ದ. ಆದರೂ ಅವನು ತಲೆ ಎತ್ತಲಿಲ್ಲ.

ಹೋದ ವಾರ ಹೀಗಿರಲಿಲ್ಲ... ಇಬ್ಬರೂ ನುಡಿಸಿದರೆ ಒಬ್ಬರೇ ನುಡಿಸಿದ ಹಾಗಿರುತ್ತಿತ್ತು. ಹೆಡ್‌ಫೋನಿನೊಳಗೆ ತಾಳ ಹಿಡಿಯಲು 'ಟಕ್ ಟಕ್' ಎನ್ನುವ ಕ್ಲಿಕ್ ಬಂದಿದ್ದೇ ತಡ, ಎಲ್ಲ ಎಡವಟ್ಟು!

"ಸಂಜೆ ಹಾಡು ಕಳಿಸ್ಬೇಕು ಕಣೇ," ಅಣ್ಣ ಹೇಳಿದ. "ಇನ್ನೊಂದೇ ಸಲ. ತಾಳಕ್ಕೆ ಸರಿಯಾಗಿ ಕೂರ್ಲಿಲ್ಲ ಅಂದ್ರೆ ನಿನ್ನ ಬೇಸ್ ತೆಗೆದು ಕಂಪ್ಯೂಟರ್‌ನಿಂದ ಹಾಕ್ತೀನಿ. ತಂಗಿ ಅಂತ ನೋಡಕ್ಕಾಗಲ್ಲ."

ಅವಳು ಗಿಟಾರನ್ನು ಎದೆಗೆ ಒತ್ತಿಕೊಂಡಳು. ತಾನೇ ಕಟ್ಟಿದ ಹಾಡಿನಲ್ಲಿ ತಾನೇ ಇಲ್ಲವೇ?

ಅಣ್ಣ ನೀರು ಕುಡಿಯಲು ಹೊರಗೆ ಹೋದ. ಡ್ರಮ್ಮರ್ ಹೆಡ್‌ಫೋನ್ ಕಳಚಿ ಬೆವರು ಒರೆಸಿಕೊಂಡ. ಅವನ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಒಂದೊಂದು ವಾದ್ಯಕ್ಕೂ ಒಂದು ಗುಂಡಿ. ಯಾರ ಸದ್ದು ಎಷ್ಟು ಬೇಕೋ ಅಷ್ಟು ತಿರುಗಿಸಿಕೊಳ್ಳಬಹುದು. ಅವಳ ಕಣ್ಣು ಬೇಸ್ ಗುಂಡಿಯ ಮೇಲೆ ಬಿತ್ತು.

ಸೊನ್ನೆ!

"ನನ್ನ ಸದ್ದೇ ಬೇಡ್ವಾ ನಿಂಗೆ?"

"ಅದು... ಹಾಗಲ್ಲ..."

"ಮತ್ತೆ ಹೇಗೆ? ಬೆಳಗ್ಗೆಯಿಂದ ಗೋಡೆ ಜೊತೆ ನುಡಿಸ್ತಿದೀನಾ ನಾನು? ಬೈಸ್ಕೊಂಡಿದ್ದು ನಾನು, ನೀನು ತುಟಿ ಪಿಟಕ್ಕನ್ಲಿಲ್ಲ! ನಾನು ಇಷ್ಟ ಇಲ್ಲ ಅಂದ್ರೆ ಮೊದ್ಲೇ ಹೇಳ್ಬಾರ್ದಿತ್ತಾ?"

ಅವಳ ಕಣ್ಣು ತುಂಬಿತು. ಗಿಟಾರನ್ನು ಹೆಗಲಿನಿಂದ ಇಳಿಸಿ ಬಾಗಿಲ ಕಡೆ ಹೊರಟೇಬಿಟ್ಟಳು.

"ನಿಲ್ಲು!" ಅವನು ಎದ್ದು ನಿಂತ. "ನೀನು ಕಿವಿಯಲ್ಲಿದ್ರೆ ನಂಗೆ ಕ್ಲಿಕ್ಕೇ ಕೇಳ್ಸಲ್ಲ. ನೀನು ನಿಧಾನ ಆದ್ರೆ ನಾನೂ ನಿಧಾನ, ನೀನು ಓಡಿದ್ರೆ ನಾನೂ ಓಡ್ತೀನಿ. ಹಾಡು ಹಾಳಾಗೋದು ನನ್ನಿಂದ ಅಂತ ನಿನ್ನ ಸದ್ದು ಬಂದ್ ಮಾಡ್ದೆ. ನಿಂಗೆ ಬೈತಾರೆ ಅಂತ ಹೊಳೀಲೇ ಇಲ್ಲ... ತಪ್ಪಾಯ್ತು."

ಅಯ್ಯೋ ಪೆದ್ದ! ಬೇಸ್ ಕೇಳಿಸಿಕೊಳ್ಳದೆ ಡ್ರಮ್ ಬಾರಿಸುವವನನ್ನು ಎಲ್ಲಾದರೂ ಕಂಡಿದ್ದೀರಾ? ಇವನು ತನ್ನನ್ನು ಕೇಳಿಸಿಕೊಳ್ಳದೆ ಬಾರಿಸಿದಷ್ಟೂ ಅವಳು ಗಾಬರಿಯಿಂದ ತಾಳ ಬಿಟ್ಟು ಮುಂದೆ ಓಡುತ್ತಿದ್ದಳು, ಅಷ್ಟೇ ಆಗಿದ್ದು.

ಅಣ್ಣ ಒಳಗೆ ಬಂದ. "ರೆಡೀನಾ?"

ಅವಳು ಕಣ್ಣೊರೆಸಿಕೊಂಡು ಗಿಟಾರ್ ಎತ್ತಿಕೊಂಡಳು. "ಅಣ್ಣಾ, ಕ್ಲಿಕ್ ಆಫ್ ಮಾಡು. ನಾವಿಬ್ಬರೇ ನುಡಿಸ್ತೀವಿ. ನಿನ್ನ ಗಿಟಾರ್ ಆಮೇಲೆ ನಮ್ಮ ಸದ್ದು ಕೇಳ್ಕೊಂಡು ಹಾಕು."

"ಹುಚ್ಚು ಹಿಡೀತಾ? ಇದೇ ಕೊನೇ ಸಲ, ಗೊತ್ತಲ್ಲ?"

"ಗೊತ್ತು."

ಡ್ರಮ್ಮರ್ ಹೆಡ್‌ಫೋನ್ ಹಾಕಿ, ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿ ಕಡ್ಡಿ ಎತ್ತಿದ. ಈ ಸಲ ಅವಳನ್ನೇ ನೋಡಿದ. ಅವಳು ತಲೆ ಆಡಿಸಿದಳು... ಮೊದಲ ಪೆಟ್ಟೂ ಮೊದಲ ಸ್ವರವೂ ಒಟ್ಟಿಗೇ ಬಿದ್ದವು. ಆಮೇಲೆ ಕೊನೆಯವರೆಗೂ ಇಬ್ಬರೂ ಕಣ್ಣು ಕೀಳಲಿಲ್ಲ.

ಅಣ್ಣ ಹಾಡನ್ನು ಮೊದಲಿಂದ ಹಾಕಿ ಕೇಳಿದ.

"ಕಂಪ್ಯೂಟರ್ ಬೇಡ ಬಿಡು," ಎಂದು ಗೊಣಗಿ ಅವನು ತನ್ನ ಗಿಟಾರ್ ತರಲು ಹೋದ.

ಅವಳು ಡ್ರಮ್ಮಿನ ಹತ್ತಿರ ಬಂದಳು. "ನನ್ನ ಹಿಂದೆ ಬರೋದು... ಬರೀ ಹಾಡಲ್ಲೇನಾ?"

"ಹಾಡು ನಿಂತ್ಮೇಲೂ ಬರ್ತಾನೇ ಇದೀನಿ. ನೀನೇ ತಿರುಗಿ ನೋಡ್ಲಿಲ್ಲ."

"ನೋಡ್ದೆ ಈಗ," ಎಂದಳು ಅವಳು, ಅವನ ಕೈ ಹಿಡಿದು. "ಇನ್ಮೇಲೆ ಹಿಂದೆ ಬೇಡ... ಜೊತೆಗೇ ಬಾ."