ಅಜ್ಜಿಯ ಕತ್ತಿನ ಮಸಿಬೊಟ್ಟು

“ಅಜ್ಜೀ, ಅಳ್ಳಾಡಬ್ಯಾಡ. ಮಸಿ ಹಬ್ಬಿಬುಡ್ತದೆ,” ಎಂದಳು ಸಹನಾ.

ರಂಗಕ್ಕಜ್ಜಿ ಜಗಲಿಯ ಮೇಲೆ ಕತ್ತು ಚಾಚಿ ಕುಳಿತಿದ್ದಳು. ಕತ್ತಿನ ಗಂಟು ಈಗ ನಿಂಬೆಹಣ್ಣಿನಷ್ಟಾಗಿತ್ತು. ಸಹನಾ ದೀಪದ ಮಸಿಗೆ ಹರಳೆಣ್ಣೆ ಕಲಸಿ ಗಂಟಿನ ಮೇಲೆ ಬೊಟ್ಟಿಟ್ಟಳು. ಅವರ ಮನೆಯ ಬಿಳಿ ಕುರಿಮರಿಗಳ ಹಣೆಗೆ ಇಡುವುದೂ ಇದೇ ಮಸಿ. ಬುಕ್ಕಾಪಟ್ಟಣದ ಕಾವಲಿನಲ್ಲಿ ಮೇಯುವಾಗ ಬೇರೆಯವರ ಮಂದೆಗೆ ಸೇರಿಕೊಂಡರೂ ಮರಿ ಸಿಕ್ಕಿಬಿಡುತ್ತಿತ್ತು.

“ನಾನೇನು ಕುರಿಮರಿನೇನೇ?” ಅಜ್ಜಿ ನಕ್ಕಳು.

“ಸುಮ್ಕಿರು. ಶಶಿ ಅತ್ತೆನೇ ಹೇಳವ್ಳೆ.”

ಶಶಿ ಅತ್ತೆ ಅಜ್ಜಿಯ ಮಗಳು. ತುಮಕೂರಿನ ಲ್ಯಾಬ್‌ನಲ್ಲಿ ಕೆಲಸ. ನಿನ್ನೆ ಊರಿಗೆ ಬಂದವಳು ತನ್ನ ಕೆಲಸದ ಬಗ್ಗೆ ಹೇಳಿದ್ದಳು. ಮಸಿಯಲ್ಲಿರುವುದು ಕಾರ್ಬನ್. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಮಾಡಿ ಕಾಯಿಲೆಯ ಜೀವಕೋಶದೊಳಗೆ ಬಿಡುತ್ತಾರೆ. ಕೋಶ ಸಾಯುವುದಿಲ್ಲ. ವಿಶೇಷ ಬೆಳಕು ಬಿಟ್ಟರೆ ಕಣಗಳು ಹೊಳೆಯುತ್ತವೆ, ಕೋಶ ಎಲ್ಲಿಗೆ ಹೋದರೂ ಕಾಣುತ್ತದೆ.

ಅಷ್ಟು ಸಾಕಾಯಿತು ನಮ್ಮ ಹುಡುಗಿಗೆ. ಗುರುತು ಹಾಕಿದರೆ ಕಾಯಿಲೆ ಸಿಗುತ್ತದೆ, ಸಿಕ್ಕರೆ ಹಿಡಿಯಬಹುದು, ಹಿಡಿದರೆ ಅಜ್ಜಿ ಹುಷಾರು. ಎಷ್ಟು ಸಲೀಸು ನೋಡಿ.

ಅತ್ತೆ ಹೊರಗೆ ಬಂದಳು. ಬೊಟ್ಟು ನೋಡಿ ಒರೆಸಲು ಹೋದವಳ ಕೈ ಅಲ್ಲೇ ನಿಂತಿತು.

“ಸಹನಾ, ನಾವು ಗುರುತು ಹಾಕೋದು ಗಾಜಿನ ತಟ್ಟೇಲಿರೋ ಕೋಶಕ್ಕೆ ಕಣಮ್ಮ, ಮನುಷ್ಯರಿಗಲ್ಲ. ಗುರುತಿದ್ರೆ ಅದು ಎಲ್ಲೋಯ್ತು ಅಂತ ಗೊತ್ತಾಗ್ತದೆ, ಅಷ್ಟೆ. ಹೋಗೋದನ್ನ ತಡೆಯಾಕಾಗಲ್ಲ.”

“ಮತ್ತೆ ಅಜ್ಜಿ ಕಾಯಿಲೆ ಎಲ್ಲಿಗೋಗೈತೆ?”

“ಮೈಯೆಲ್ಲಾ. ಸ್ಕ್ಯಾನಿಂಗ್‌ನಲ್ಲೇ ಕಾಣ್ತು. ಇನ್ನು ಮನೇಲೇ ನೋಡ್ಕಳಿ ಅಂದ್ರು ಡಾಕ್ಟ್ರು.” ಅತ್ತೆ ಮುಖ ಆಚೆ ತಿರುಗಿಸಿಕೊಂಡಳು. ಅಜ್ಜಿಗೆ ಇದು ಗೊತ್ತಿದ್ದ ವಿಷಯವೇ. ಗೊತ್ತಿಲ್ಲದೆ ಇದ್ದವಳು ಸಹನಾ ಒಬ್ಬಳೇ.

ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಮಸಿ ಬಟ್ಟಲನ್ನು ದೂರ ತಳ್ಳಿದಳು. “ಹಂಗಾರೆ ಗುರುತು ಯಾಕೆ? ಎಲ್ಲಾ ವೇಸ್ಟು.”

ಅಜ್ಜಿ ಬಟ್ಟಲನ್ನು ಎಳೆದುಕೊಂಡಳು. ಬೆರಳಿಗೆ ಮಸಿ ಮೆತ್ತಿ, ಮರಿಗಳಿಗೆ ಇಡುವಂತೆಯೇ ಮೊಮ್ಮಗಳ ಹಣೆಗೆ ಒತ್ತಿದಳು.

“ಎಲ್ಲೋದ್ರೂವೆ ಇದು ನಮ್ಮನೆ ಮರಿ ಅಂತ ಗೊತ್ತಾಗಬ್ಯಾಡವೇನೇ?”

ಚಳಿಗಾಲ ಬರುವ ಮೊದಲೇ ಅಜ್ಜಿ ಹೋದಳು.

ಆಮೇಲೊಂದು ಬೆಳಿಗ್ಗೆ ರೊಪ್ಪದ ಬೇಲಿಯೊಳಗೆ ಕುರಿ ಈದಿತ್ತು. ಸಹನಾ ತಾನೇ ಮಸಿ ಕಲಸಿ ಮರಿಯ ಹಣೆಗೆ ಇಟ್ಟಳು. ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೆ ಒತ್ತಿಕೊಂಡಳು.

“ಒರೆಸ್ಕಳೇ. ಸ್ಕೂಲಿಗೆ ಇಂಗೇ ಹೋಗ್ತೀಯಾ?” ಎಂದಳು ಅಮ್ಮ.

“ಹೂಂ, ಇಂಗೇ,” ಎಂದು ಸಹನಾ ಬ್ಯಾಗ್ ಹೆಗಲಿಗೇರಿಸಿಕೊಂಡಳು.